ಒಂಬತ್ತು ದಿನ ನನ್ನ ಚೀಲದಲ್ಲಿದ್ದ ಚೀಟಿ

ಮಾದೇವಿ, ನಿನ್ನ ಬಲಗಣ್ಣು ಹೋದದ್ದು ನನ್ನಿಂದ. ಎಡಗಣ್ಣಿನಲ್ಲಿ ಒಂದು ಕಿಂಡಿಯಷ್ಟು ಬೆಳಕು ಮಾತ್ರ ಉಳಿದದ್ದೂ ನನ್ನಿಂದಲೇ. ಕಾಯಿಲೆ ಇತ್ತು, ಇಲ್ಲವೆನ್ನುವುದಿಲ್ಲ — ಆದರೆ ಆ ಕಾಯಿಲೆಗೆ ಆಪರೇಷನ್ ಇತ್ತು, ಮಾಡುವ ಡಾಕ್ಟರಿದ್ದರು, ಅವರು ದಿನ ಗೊತ್ತುಮಾಡಿ ಚೀಟಿಯನ್ನೂ ಬರೆದುಕೊಟ್ಟಿದ್ದರು. ಆ ಚೀಟಿ ಒಂಬತ್ತು ದಿನ ನನ್ನ ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಮಡಿಸಿಕೊಂಡು ಬಿದ್ದಿತ್ತು. ನಿನಗಾಗಲಿ, ನಿನ್ನ ಗಂಡ ಮುನಿರಾಜುವಿಗಾಗಲಿ, ನಮ್ಮ ಅತ್ತೆಗಾಗಲಿ ನಾನು ಅದರ ಮಾತೆತ್ತಲಿಲ್ಲ.

ಏಳು ವರ್ಷ ಬಾಯಿ ಮುಚ್ಚಿಕೊಂಡು ಇದ್ದವಳು ಈಗೇಕೆ ಬರೆಯುತ್ತಿದ್ದೇನೆ ಎಂದರೆ, ಹೋದ ವಾರದ ಶಾಲು. ನೀನೂ ಅಲ್ಲಿದ್ದೆ. ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಸನ್ಮಾನ. ತಮಿಳು ಸರಿಯಾಗಿ ತಿಳಿಯದ ನಮ್ಮ ಕಡೆಯ ಕನ್ನಡದವರಿಗೆ ಡಾಕ್ಟರ ಮಾತನ್ನು ಅರ್ಥವಾಗುವ ಹಾಗೆ ಮುಟ್ಟಿಸುವವಳು ಎಂದು ನನ್ನ ಹೆಗಲಿಗೆ ಜರಿಯಂಚಿನ ಶಾಲು ಹೊದಿಸಿದರು. ಹಳೆಯ ರೋಗಿಯೊಬ್ಬರು ಎರಡು ಮಾತಾಡಲಿ ಎಂದು ನಿನ್ನನ್ನು ಕರೆಸಿದ್ದರು. ನೀನು ಮೈಕನ್ನು ಕೈಯಿಂದ ತಡಕಿ ಹಿಡಿದುಕೊಂಡು, "ಡಾಕ್ಟ್ರು ಅಂದಿದ್ದನ್ನೆಲ್ಲ ನಮ್ಮಕ್ಕ ಒಂದೂ ಬಿಡ್ದಂಗೆ ನಮ್ಗೆ ಬಿಡ್ಸಿ ಹೇಳೋರು" ಎಂದೆ. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ನಕ್ಕೆ. ಎಷ್ಟು ವಿನಯ ನೋಡಿ ಸಿಸ್ಟರಿಗೆ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ನಾಚಿಕೆಗೆಟ್ಟವರ ಮುಖದ ಮೇಲೆ ವಿನಯ ಚೆನ್ನಾಗಿಯೇ ಕೂರುತ್ತದೆ.

ನಾನು ಎಂಥವಳಾಗಿದ್ದೆ ಎಂದು ಮೊದಲು ಹೇಳಿಬಿಡಬೇಕು, ಏಕೆಂದರೆ ನೀನು ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದೀಯ. ರಾಯಕೋಟೆ ರಸ್ತೆಯ ಆ ಮನೆಗೆ ನಾನು ಹಿರಿ ಸೊಸೆಯಾಗಿ ಬಂದಾಗಲೇ ಕೃಷ್ಣಗಿರಿಯಲ್ಲಿ ಓದಿ, ನರ್ಸಿಂಗ್ ಮುಗಿಸಿ, ಹೊಸೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ತಮಿಳು ಬರುತ್ತಿತ್ತು, ತೆಲುಗು ಬರುತ್ತಿತ್ತು, ಮಾತ್ರೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಪಟಪಟನೆ ಹೇಳುತ್ತಿದ್ದೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಪಕ್ಕದ ಮನೆಯವರ ಸಕ್ಕರೆ ಕಾಯಿಲೆಗೂ, ಈ ಶಾಂತಮ್ಮ ಹೇಳಿದ್ದೇ ಕೊನೆಯ ಮಾತು. ನನಗೆ ಅದರ ಅಮಲೇರಿತ್ತು. ಆಮೇಲೆ ನೀನು ಬಂದೆ — ನಾಟ್ರಾಂಪಾಳ್ಯದ ಬೆಟ್ಟದಿಂದ, ಒಂದು ಟ್ರಂಕು, ಒಂದು ಮೂಟೆ ರಾಗಿ, ಆರನೇ ಕ್ಲಾಸಿನ ಓದು. ನಿನಗೆ ಸಂತೆಯ ತಮಿಳೂ ಬರುತ್ತಿರಲಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ದೀಪ ಹತ್ತಿದ್ದನ್ನು ಕಂಡು ನೀನು ಬೆರಗಾದದ್ದನ್ನು ನಾನು ಡ್ಯೂಟಿ ರೂಮಿನಲ್ಲಿ ಎಷ್ಟು ಸಲ ಅಭಿನಯಿಸಿ ತೋರಿಸಿದ್ದೇನೋ ಲೆಕ್ಕವಿಲ್ಲ. ನಿನ್ನನ್ನು ನಾನು ದ್ವೇಷಿಸುತ್ತಿರಲಿಲ್ಲ ಮಾದೇವಿ. ದ್ವೇಷಿಸುವುದಕ್ಕೂ ಎದುರಿನವರು ಸಮಾನರೆನ್ನಿಸಬೇಕು.

ಬಸುರಿನ ಐದನೇ ತಿಂಗಳಲ್ಲಿ ನಿನಗೆ ತಲೆನೋವು ಶುರುವಾಯಿತು. ಬೆಳಗ್ಗೆ ಎದ್ದಾಗ ಹೆಚ್ಚು, ಕೆಮ್ಮಿದರೆ ಇನ್ನೂ ಹೆಚ್ಚು. ನೀನು ಹಣೆಗೆ ಬಟ್ಟೆ ಬಿಗಿದುಕೊಂಡು ತಣ್ಣನೆಯ ನೆಲದ ಮೇಲೆ ಮಲಗುತ್ತಿದ್ದೆ. ಒಂದು ದಿನ ಪಾತ್ರೆ ತಿಕ್ಕುವ ಕಲ್ಲಿನ ಹತ್ತಿರ ನನ್ನನ್ನು ನಿಲ್ಲಿಸಿ, "ಅಕ್ಕ, ಕಿವೀಲಿ ಹೊಳೆ ಅರ್ದಂಗೆ ಸದ್ದು. ಬಗ್ಗಿ ಎದ್ರೆ ಕಣ್ಗೆ ಕತ್ಲು ಬಂದು ಹೋಯ್ತದೆ" ಎಂದೆ. ನರ್ಸಿಂಗ್ ಪುಸ್ತಕದಲ್ಲಿ ಬರೆದ ಹಾಗೆಯೇ ನೀನು ಹೇಳಿದೆ. ತಲೆಬುರುಡೆಯೊಳಗೆ ಒತ್ತಡ ಏರುತ್ತಿರುವವರು ಇದೇ ಮಾತನ್ನು ಹೇಳುತ್ತಾರೆ ಎಂದು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದೆ. ಅಂಥ ನಾನು ನಿನಗೆ ಹೇಳಿದ್ದೇನು? ಬಸುರಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ, ಬಿಸಿಲಿಗೆ ಹೋಗಬೇಡ. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡನಿಗೂ ಅತ್ತೆಗೂ ಹೇಳಿದ್ದು ಬೇರೆ — ಕೆಲಸ ತಪ್ಪಿಸಿಕೊಳ್ಳುವ ನಾಟಕ, ಬೆಟ್ಟದ ಹುಡುಗಿಯಾದರೂ ಕಿಲಾಡಿ. ಆಮೇಲೆ ನೀನು ಲೋಟ ಹಿಡಿಯಲು ಹೋಗಿ ಪಕ್ಕದ ಗಾಳಿಯನ್ನು ಹಿಡಿಯತೊಡಗಿದೆ. ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದೆ. ಅದನ್ನೂ ನಾನು ಅಭಿನಯಿಸಿ ತೋರಿಸಿದೆ.

ಮುನಿರಾಜು ನನ್ನಷ್ಟು ಓದಿಲ್ಲ. ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ದಿನವಿಡೀ ಹೂ ಕೊಯ್ಯುವವನು. ಆದರೆ ಅವನು ನಿನ್ನ ಮಾತನ್ನು ನಂಬಿದ — ಎಷ್ಟು ಸರಳ ನೋಡು, ನಂಬಿದ ಅಷ್ಟೇ. ಗಾಡಿಯ ಹಿಂದೆ ಕೂರಿಸಿಕೊಂಡು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಕಣ್ಣು ಪರೀಕ್ಷೆ ಮಾಡುವಾಕೆ ಕನ್ನಡಕ ಕೊಡದೆ, ಕಣ್ಣಿನ ಹಿಂದಿನ ನರ ಊದಿದೆ, ದೊಡ್ಡಾಸ್ಪತ್ರೆಗೆ ಹೋಗಿ ಎಂದಳಂತೆ. ಅವನು ಬೆವರು ಒರೆಸಿಕೊಳ್ಳುತ್ತಾ ನನ್ನ ವಾರ್ಡಿನ ಬಾಗಿಲಿಗೆ ಬಂದು ನಿಂತ. ಅತ್ತಿಗೆ, ನೀವೇ ನೋಡ್ಬೇಕು ಎಂದ.

ನೋಡಿದೆವು. ಸ್ಕ್ಯಾನಿನಲ್ಲಿ ಗೆಡ್ಡೆ ಏನೂ ಕಾಣಲಿಲ್ಲ. ಬೆನ್ನಿನ ಕೆಳಭಾಗಕ್ಕೆ ಸೂಜಿ ಹಾಕಿ ನೀರು ತೆಗೆದಾಗ ಮಾತ್ರ ಒತ್ತಡ ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ ಇತ್ತು. ಮಿದುಳಿನ ಸುತ್ತ ಇರುವ ನೀರು ಇಳಿಯದೆ ನಿಂತು ಕಣ್ಣಿನ ನರವನ್ನು ಹಿಸುಕುತ್ತಿದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟರು, ಎರಡು ಸಲ ನೀರು ತೆಗೆದರು. ನಿನಗೆ ಕೆಲವು ದಿನ ಹಗುರಾಯಿತು. ನಾಟಕವೆಂದಿದ್ದ ನಾನು ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಇರುವುದನ್ನು ಬೆಟ್ಟ ಮಾಡುತ್ತಾಳೆ ಎಂದು ತಿದ್ದಿಕೊಂಡೆ, ಅಷ್ಟೇ.

ಏಳನೇ ತಿಂಗಳು ಹಿಡಿದಾಗ ಮತ್ತೆ ಕಣ್ಣಿನ ಪರೀಕ್ಷೆಯಾಯಿತು. ನಿನ್ನ ನೋಟ ಸುತ್ತಲಿಂದ ಕುಗ್ಗುತ್ತಿರುವುದು ಕಾಗದದ ಮೇಲೆ ಕಪ್ಪಗೆ ಮೂಡಿತು. ಮಿದುಳಿನ ಸರ್ಜನ್ ನನ್ನೊಬ್ಬಳನ್ನೇ ಒಳಗೆ ಕರೆದರು. ನಮ್ಮಲ್ಲಿ ನಡೆಯುವುದೇ ಹಾಗೆ — ರೋಗಿಯ ಮನೆಯವರಲ್ಲಿ ಒಬ್ಬರು ಸ್ಟಾಫ್ ಆಗಿದ್ದರೆ ಡಾಕ್ಟರು ಅವರಿಗೆ ಹೇಳುತ್ತಾರೆ, ಅವರು ಹೊರಗೆ ಹೋಗಿ ಉಳಿದವರಿಗೆ ಹೇಳುತ್ತಾರೆ. ಮನೆಯವರೂ ಅದನ್ನೇ ಬಯಸುತ್ತಾರೆ. ಅತ್ತೆಗೂ ಮುನಿರಾಜುವಿಗೂ ಅಂಗಡಿ ಬೀದಿಗೆ ಸಾಕಾಗುವಷ್ಟು ತಮಿಳು ಬರುತ್ತಿತ್ತು. ಆದರೂ ಆಸ್ಪತ್ರೆಯ ಮಾತು ನಮಗೆ ತಿಳಿಯದು, ನೀನೇ ಕೇಳಿಕೊಂಡು ಬಾ ಎಂದು ನನ್ನನ್ನು ಮುಂದೆ ತಳ್ಳಿ ನಿನ್ನ ಜೊತೆ ಬೆಂಚಿನ ಮೇಲೆ ಕೂತರು.

ಸರ್ಜನ್ ಸೇಲಂ ಕಡೆಯವರು, ನಿಧಾನವಾಗಿ ಮಾತಾಡುವವರು. ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು — ಕಿವಿಯ ಹಿಂದೆ ಸಣ್ಣ ತೂತು, ಅಲ್ಲಿಂದ ಚರ್ಮದ ಕೆಳಗೆ ಕುತ್ತಿಗೆ, ಎದೆ ದಾಟಿ ಹೊಟ್ಟೆಗೆ ಇಳಿಯುವ ತೆಳ್ಳನೆ ನಳಿಕೆ. ಹೆಚ್ಚಾದ ನೀರು ತಾನೇ ಹೊಟ್ಟೆಗೆ ಹರಿದು ಕರಗಿಹೋಗುತ್ತದೆ. ನಳಿಕೆಯ ತುದಿಯನ್ನು ಗರ್ಭದ ಮೇಲ್ಗಡೆ ಇಡುತ್ತೇವೆ, ಹೆರಿಗೆ ಡಾಕ್ಟರು ಥಿಯೇಟರಿನಲ್ಲೇ ಇರುತ್ತಾರೆ, ತಲೆಯ ಒಂದು ಪಕ್ಕ ಕೂದಲು ಬೋಳಿಸಬೇಕಾಗುತ್ತದೆ ಎಂದರು. ಕೊನೆಗೆ ಮೂರು ಮಾತು ಹೇಳಿದರು. ಆ ಮೂರು ಮಾತನ್ನು ಈಗಲ್ಲ, ಕೊನೆಯಲ್ಲಿ ಬರೆಯುತ್ತೇನೆ. ಮರುದಿನ ಬೆಳಗ್ಗೆ ದಾಖಲಾಗಬೇಕು ಎಂದು ಚೀಟಿ ಬರೆದುಕೊಟ್ಟರು. ನಾನು ಅದನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ಬೆಂಚಿನ ಮೇಲೆ ಮೂವರೂ ಎದ್ದು ನಿಂತರು. "ಏನಂದ್ರು ಶಾಂತ?" ಎಂದು ಅತ್ತೆ ಕೇಳಿದರು.

ನಾನು ಅಂದೆ — "ಮಾತ್ರೆ ಮುಂದುವರ್ಸಿ ಅಂದವ್ರೆ. ಇನ್ನೂ ಸ್ವಲ್ಪ ದಿನ ನೋಡಾಣ ಅಂದ್ರು. ಮುಂದಿನ ವಾರದ ಬಳೆ ಶಾಸ್ತ್ರ ಮುಗಿಸ್ಕಂಡೇ ಬನ್ನಿ."

ನೀನು ನನ್ನ ಮುಖವಿದ್ದ ಕಡೆಗೆ — ಸರಿಯಾಗಿ ನನ್ನ ಮುಖಕ್ಕಲ್ಲ, ಒಂದಿಷ್ಟು ಪಕ್ಕಕ್ಕೆ — ನೋಡಿ, "ಅಂಗಾದ್ರೆ ಕಣ್ಣು ಸರಿಹೋಯ್ತದಾ ಅಕ್ಕ?" ಎಂದು ಕೇಳಿದೆ.

"ಸರಿಹೋಯ್ತದೆ ಕಣೆ" ಎಂದೆ.

ಏಕೆ? ಏಳು ವರ್ಷ ಈ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಬಹಳ ದಿನ ನನಗೊಂದು ಒಳ್ಳೆಯ ಉತ್ತರವಿತ್ತು: ಹಳ್ಳಿಯ ಜನ, ಇವರು ಒಪ್ಪುವುದಿಲ್ಲ. ಗಂಡ ಬದುಕಿರುವ ಬಸುರಿಯ ತಲೆ ಬೋಳಿಸುವುದು ಎಂದರೆ ಅತ್ತೆ ಕಾರಿಡಾರಿನ ನೆಲದ ಮೇಲೆ ಬಿದ್ದು ಬಾಯಿ ಬಡಿದುಕೊಳ್ಳುತ್ತಾರೆ. ಬಸುರಿ ಮೈಗೆ ಕತ್ತಿ ಸೋಕಬಾರದು ಎನ್ನುತ್ತಾರೆ, ಯಂತ್ರ ಕಟ್ಟಿಸಲು ಎಲ್ಲಿಗೋ ಎತ್ತಿಕೊಂಡು ಹೋಗುತ್ತಾರೆ. ನನ್ನ ಜೊತೆಯ ಸಿಸ್ಟರುಗಳ ಮುಂದೆ ನನ್ನ ಮಾನ ಹರಾಜು. ಶಾಸ್ತ್ರ ಮುಗಿದುಬಿಟ್ಟರೆ ಮೆಲ್ಲಗೆ ಒಪ್ಪಿಸಬಹುದು — ಹೀಗೆಲ್ಲ ಅಂದುಕೊಂಡೆ. ಇದು ಅರ್ಧ ಸತ್ಯವೂ ಅಲ್ಲ. ಉಳಿದದ್ದು ಇನ್ನೂ ಕೊಳಕು. ಎರಡು ತಿಂಗಳು ಮನೆಯವರ ಮುಂದೆ ನಾನು ನಾಟಕ, ನಾಟಕ ಎಂದು ಸಾರಿದ್ದೆ. ಈಗ ತಲೆಗೆ ಆಪರೇಷನ್ ಎಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ — ನರ್ಸಮ್ಮ, ನಿನಗೆ ಗೊತ್ತಾಗಲಿಲ್ಲವಾ? ಆ ಒಂದು ನೋಟವನ್ನು ಮುಂದಕ್ಕೆ ಹಾಕಲು ನಿನ್ನ ಕಣ್ಣನ್ನು ಕೊಟ್ಟೆ. ಒಂಬತ್ತು ದಿನ ಮುಂದಕ್ಕೆ ಹಾಕಿದರೆ ಆ ಪ್ರಶ್ನೆ ತಾನೇ ಸತ್ತುಹೋಗುತ್ತದೆಯೇ? ಇಲ್ಲ. ಅಷ್ಟು ದಡ್ಡ ಲೆಕ್ಕಾಚಾರವನ್ನು ಆರನೇ ಕ್ಲಾಸು ಓದಿದ ನೀನು ಹಾಕುತ್ತಿರಲಿಲ್ಲ.

ಮೂರನೇ ದಿನ ಸರ್ಜನ್ ನನ್ನನ್ನು ಹುಡುಕಿಕೊಂಡು ವಾರ್ಡಿಗೇ ಬಂದರು. ಏಕೆ ದಾಖಲಾಗಲಿಲ್ಲ ಎಂದು ಕೇಳಿದರು. ಹೇಳಲು ಆಗಲೂ ಹೊತ್ತಿತ್ತು, ಮಾದೇವಿ — ಬಾಯಿ ತೆರೆದರೆ ಸಾಕಿತ್ತು. ನಾನು ನಿಟ್ಟುಸಿರು ಬಿಟ್ಟು, ಹಳ್ಳಿ ಜನ ಸಾರ್, ಒಪ್ಪಿಸುವುದು ಕಷ್ಟ, ಕೂದಲಿನದೇ ಗಲಾಟೆ ಎಂದೆ. ಅವರು ಬೇಸರದಿಂದ ತಲೆಯಾಡಿಸಿ, ನೀವು ನರ್ಸ್, ನೀವೇ ಒಪ್ಪಿಸಬೇಕು, ಇಲ್ಲದಿದ್ದರೆ ನಾನೇ ಬಂದು ಅವರ ಹತ್ತಿರ ಮಾತಾಡುತ್ತೇನೆ ಎಂದರು. ಬೇಡ ಸಾರ್, ನಾನು ನೋಡಿಕೊಳ್ಳುತ್ತೇನೆ ಎಂದೆ. ನಿಮ್ಮ ಮೂವರನ್ನೂ ಕೇಳದೇ ಇದ್ದ ಪ್ರಶ್ನೆಗೆ ನಿಮ್ಮ ಪರವಾಗಿ ನಾನೇ ಉತ್ತರ ಕೊಟ್ಟು, ಆ ಉತ್ತರಕ್ಕೆ ನಿಮ್ಮನ್ನೇ ಹೀಗಳೆದೆ.

ಒಂಬತ್ತನೇ ದಿನ, ಬಳೆ ಶಾಸ್ತ್ರ. ಅಂಗಳದಲ್ಲಿ ಚಪ್ಪರ, ಮಟಮಟ ಮಧ್ಯಾಹ್ನ. ರಾಯಕೋಟೆಯಿಂದ ಬಂದ ಬಳೆಗಾರ್ತಿ ನಿನ್ನ ಊದಿದ ಕೈಗಳಿಗೆ ಹಸಿರು ಗಾಜಿನ ಬಳೆಗಳನ್ನು ಅದುಮಿ ಅದುಮಿ ಏರಿಸಿದಳು. ನೀನು ನಗುತ್ತಿದ್ದೆ, ಹಿಂದಿನ ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡಿದ್ದೆ ಎಂದು ನನಗೆ ಗೊತ್ತಿತ್ತು. ಹಿರಿ ಸೊಸೆಯಾದ ನಾನು ಆರತಿ ತಟ್ಟೆ ಹಿಡಿದು ನಿನ್ನ ಮುಂದೆ ನಿಂತೆ. ಎರಡು ಬತ್ತಿ ಚೆನ್ನಾಗಿ ಉರಿಯುತ್ತಿದ್ದವು. ಸುತ್ತ ಹೆಂಗಸರು ಹಾಡಲು ಶುರು ಮಾಡಿದರು. ನೀನು ಮುಖ ಎತ್ತಿ ಕಾದೆ, ಕಾದೆ. ಆಮೇಲೆ ನನಗೆ ಮಾತ್ರ ಕೇಳಿಸುವ ಹಾಗೆ ಕೇಳಿದೆ.

"ಅಕ್ಕ, ಇನ್ನೂ ದೀಪ ಹಚ್ಚಿಲ್ವಾ?"

ತಟ್ಟೆ ನನ್ನ ಕೈಯಲ್ಲೇ ಇತ್ತು. ಬತ್ತಿಯ ಶಾಖ ನನ್ನ ಗಲ್ಲಕ್ಕೆ ತಾಗುತ್ತಿತ್ತು. ಆ ಒಂದು ಗಳಿಗೆಯಲ್ಲಿ ನನ್ನ ಓದು, ನನ್ನ ಮೂರು ಭಾಷೆ, ನನ್ನ ಬಿಳಿ ಕೋಟು ಎಲ್ಲದರ ಮೇಲೂ ನನಗೆ ಹೇಸಿಗೆ ಹುಟ್ಟಿತು. ಆ ಹೇಸಿಗೆ ಇವತ್ತಿಗೂ ಹೋಗಿಲ್ಲ, ಹೋಗಬಾರದು ಕೂಡ.

ತಟ್ಟೆಯನ್ನು ಯಾರಿಗೋ ಕೊಟ್ಟು ಅತ್ತೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಈಗಲೇ ಆಸ್ಪತ್ರೆಗೆ ಹೋಗಬೇಕು, ತಲೆಗೆ ಆಪರೇಷನ್ ಆಗಬೇಕು, ಕೂದಲು ಬೋಳಿಸುತ್ತಾರೆ ಎಂದೆ. ಒಂಬತ್ತು ದಿನದಿಂದ ನಾನು ಹೆದರಿದ್ದ ಕೂಗಾಟಕ್ಕೆ ಮೈ ಬಿಗಿಹಿಡಿದು ನಿಂತೆ. ಅತ್ತೆ ಸೆರಗಿನಿಂದ ಕೈಯ ಅರಿಶಿನ ಒರೆಸಿಕೊಂಡರು.

"ಬೋಳಿಸ್ಲಿ. ಕೂದ್ಲು ಬೆಳೀತದೆ, ಕಣ್ಣು ಬೆಳೀತದಾ? ಇದ್ನೇನ್ ಕೇಳ್ತಾ ನಿಂತೀಯೆ, ವ್ಯಾನ್ ತರ್ಸು" ಎಂದರು.

ಅಷ್ಟೇ ಮಾದೇವಿ. ಉಸಿರು ಬಿಡುವಷ್ಟು ಹೊತ್ತೂ ಯೋಚಿಸಲಿಲ್ಲ. ನಾನು ಯಾರನ್ನು ಮೂಢರೆಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಅವರ ಹೆಸರಿನಲ್ಲಿ ಚೀಟಿಯನ್ನು ಮಡಿಸಿಟ್ಟಿದ್ದೆನೋ ಆ ಹೆಂಗಸು. ಬೆಂಚಿನ ಮೇಲೆ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಆ ಮನೆಯಲ್ಲಿ ಮೂಢರು ಒಬ್ಬರೇ ಇದ್ದದ್ದು, ಸಂಬಳ ತರುವ ಮೂಢೆ.

ಸಾನಮಾವು ಕಾಡಿನ ಹತ್ತಿರ ಫಾರೆಸ್ಟಿನವರು ವ್ಯಾನನ್ನು ನಿಲ್ಲಿಸಿದರು. ಆನೆಗಳು ರಸ್ತೆ ದಾಟುತ್ತಿದ್ದವು. ಕಾಲು ಗಂಟೆ ನಿಂತೆವು. ಮುನಿರಾಜು ಇಳಿದು ಹೋಗಿ ಅವರಿಗೆ ಕೈಮುಗಿದ. ಅತ್ತೆ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಈ ಹಾಳಾದವಕ್ಕೆ ಇವತ್ತೇ ಆಗಬೇಕಿತ್ತಾ, ಒಂದೊಂದು ಗಳಿಗೆಯೂ ನನ್ನ ಸೊಸೆ ಕಣ್ಣು ತಿನ್ನುತ್ತಿದೆಯಲ್ಲ ಎಂದು ಆನೆಗಳನ್ನು ಬೈದರು. ನಾನು ಮುಂದಿನ ಸೀಟಿನಲ್ಲಿ ಕೂತು ಆನೆಗಳನ್ನು ನೋಡುತ್ತಿದ್ದೆ. ಕಾಲು ಗಂಟೆಗೆ ಅವಕ್ಕೆ ಅಷ್ಟು ಬೈಗುಳ.

ಥಿಯೇಟರಿಗೆ ಒಯ್ಯುವ ಮೊದಲು ಬಳೆ ತೆಗೆಯಬೇಕಿತ್ತು. ಕೈ ಊದಿದ್ದರಿಂದ ಸೋಪು ಹಚ್ಚಿದರೂ ಬರಲಿಲ್ಲ. ಶಾಸ್ತ್ರದ ಬಳೆಯನ್ನು ಹೆರಿಗೆಯವರೆಗೆ ಮುಟ್ಟಬಾರದು, ಅದರಲ್ಲೂ ಒಡೆಯುವುದು ಎಂದರೆ — ನಿನಗೆ ಗೊತ್ತು, ಮುತ್ತೈದೆಯ ಬಳೆಯನ್ನು ಯಾವಾಗ ಒಡೆಯುತ್ತಾರೆ ಎಂದು. ನಾನು ಹಿಂಜರಿದೆ. ನಾನೇ, ಶಾಸ್ತ್ರಕ್ಕೆ ನಗುವವಳು. ಅತ್ತೆ ನಿನ್ನ ಮಣಿಕಟ್ಟಿಗೆ ತಮ್ಮ ಸೆರಗನ್ನು ಸುತ್ತಿ, ಗಾಜು ಚರ್ಮಕ್ಕೆ ತಾಗದಂತೆ ಒಂದೊಂದಾಗಿ ತಾವೇ ಒಡೆದರು. ಹೆತ್ತ ಮೇಲೆ ಇದರ ಎರಡರಷ್ಟು ತೊಡಿಸುತ್ತೇನೆ ಎಂದು ನಿನ್ನ ಕಿವಿಯಲ್ಲಿ ಹೇಳಿದರು. ಹಾಗೆಯೇ ತೊಡಿಸಿದರು ಕೂಡ.

ಆಪರೇಷನ್ ಚೆನ್ನಾಗಿ ಆಯಿತು. ಮಗು ಹೊಟ್ಟೆಯಲ್ಲಿ ಒದ್ದಾಡಿಕೊಂಡು ಸುಖವಾಗಿತ್ತು, ತಿಂಗಳು ತುಂಬಿಯೇ ಹುಟ್ಟಿತು. ನಿನ್ನ ತಲೆನೋವು ಹೋಯಿತು, ಕಿವಿಯ ಹೊಳೆ ನಿಂತಿತು. ಕಣ್ಣು ಮಾತ್ರ ಬರಲಿಲ್ಲ. ಸರ್ಜನ್ ಹೊರಗೆ ಬಂದಾಗ ಮುನಿರಾಜು ಎದುರಿಗಿದ್ದ. ಮೊದಲೇ ಬರಬೇಕಿತ್ತು, ತಡ ಮಾಡಿಬಿಟ್ಟಿರಿ ಎಂದು ಅವನಿಗೆ ತಮಿಳಿನಲ್ಲಿ ಹೇಳಿದರು. ಅಷ್ಟು ತಮಿಳು ಅವನಿಗೆ ತಿಳಿಯಿತು. ಮೊದಲೇ ಆಸ್ಪತ್ರೆಗೆ ಬರದೆ ಕನ್ನಡಕದ ಅಂಗಡಿಗೆ ಹೋದದ್ದು ತನ್ನ ತಪ್ಪು ಎಂದುಕೊಂಡು ಅವನು ತಲೆ ಬಗ್ಗಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ತಪ್ಪನ್ನು ಅವನು ಹೊತ್ತುಕೊಳ್ಳಲು ಬಿಟ್ಟೆ. ಇವತ್ತಿಗೂ ಅವನು ನಿನಗೆ ತಾನೇ ತಲೆ ಬಾಚುತ್ತಾನೆ, ಹೊಲಿಗೆಯ ಗುರುತು ಮುಚ್ಚುವ ಹಾಗೆ ಗುಲಾಬಿ ಮುಡಿಸುತ್ತಾನೆ. ನಂಬಿದವನು ಒಬ್ಬನೇ, ಶಿಕ್ಷೆ ಅನುಭವಿಸುತ್ತಿರುವವನೂ ಅವನೇ.

ನಾನು ಡ್ಯೂಟಿ ದೂರವಾಗುತ್ತದೆ ಎಂಬ ನೆಪ ಹೇಳಿ ಗಂಡನನ್ನು ಕರೆದುಕೊಂಡು ಹೊಸೂರಿಗೆ ಮನೆ ಬದಲಾಯಿಸಿದೆ. ನಿಜ ಅದಲ್ಲ. ನೀನು ಗೋಡೆ ಮುಟ್ಟಿಕೊಂಡು ನಡೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹಬ್ಬಕ್ಕೆ ಬಂದರೆ ನೀನು ನಮಸ್ಕಾರ ಮಾಡಲು ಬಗ್ಗುತ್ತೀಯ. ನನ್ನ ಪಾದ ಎಲ್ಲಿದೆ ಎಂದು ನೆಲವನ್ನು ಸವರಿ ಹುಡುಕುತ್ತೀಯ. ಒಮ್ಮೆಯೂ ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಏಕೆಂದು ಕೇಳುತ್ತೀಯಲ್ಲ.

ಶಾಲನ್ನು ಇನ್ನೂ ಬಿಚ್ಚಿಲ್ಲ, ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಚೀಟಿ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ. ಏಳು ವರ್ಷದಲ್ಲಿ ಅದನ್ನು ಹರಿದು ಎಸೆಯಲು ಎಷ್ಟೋ ಸಲ ನನ್ನ ಕೈ ಮುಂದಾಗಿತ್ತು. ಎಸೆಯಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಕರೆದುಕೊಳ್ಳುವಷ್ಟು ಇನ್ನೂ ಕೆಟ್ಟಿಲ್ಲ. ಧೈರ್ಯ ಸಾಲಲಿಲ್ಲ, ಅಷ್ಟೇ.

ಈ ಬರಹವನ್ನು ನೀನು ಓದಲಾರೆ. ಅದಕ್ಕೂ ನಾನೇ ಕಾರಣ. ಯಾರ ಕೈಯಲ್ಲಾದರೂ ಓದಿಸಿದರೆ ಮತ್ತೆ ನಡುವೆ ಒಬ್ಬರು ನಿಂತ ಹಾಗಾಗುತ್ತದೆ. ಆದ್ದರಿಂದ ಭಾನುವಾರ ನಾನೇ ಬರುತ್ತೇನೆ. ಅಂಗಳದಲ್ಲಿ ನೀನು, ಮುನಿರಾಜು, ಅತ್ತೆ ಮೂವರೂ ಕೂರಿ. ನನ್ನ ಕಾಲು ಹುಡುಕಬೇಡ. ಚೀಟಿಯನ್ನು ನಿನ್ನ ಕೈಗೆ ಕೊಟ್ಟು, ಇದನ್ನೆಲ್ಲ ಮೊದಲಿನಿಂದ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನೀವು ಏನು ಅನ್ನುತ್ತೀರೋ — ಈ ಸಲ ಅದನ್ನು ನಾನು ಮೊದಲೇ ಊಹಿಸಿಟ್ಟುಕೊಳ್ಳುವುದಿಲ್ಲ.

ಡಾಕ್ಟರು ಆ ದಿನ ಕೊನೆಗೆ ಹೇಳಿದ ಮೂರು ಮಾತು ಇವು. ನಿನ್ನ ಕನ್ನಡದಲ್ಲಿ, ಅವತ್ತು ಬೆಂಚಿನ ಹತ್ತಿರ ಹೇಳಬೇಕಾಗಿದ್ದ ಹಾಗೆಯೇ ಬರೆದುಕೊಂಡಿದ್ದೇನೆ:

"ನಾಳೆ ಬೆಳಿಗ್ಗೇನೇ ಸೇರ್ಕಬೇಕಂತೆ ಮಾದೇವಿ. ಮಗೀಗೆ ಏನೂ ಆಗಲ್ವಂತೆ. ಈಗ್ಲೇ ಮಾಡ್ಸಿದ್ರೆ ನಿನ್ನ ಕಣ್ಣು ಉಳೀತದಂತೆ."